ವೈರ್ ಕೈಗೆತ್ತಿಕೊಳ್ಳುವ ಮುನ್ನ

ಹೃದಯದ ರಕ್ತನಾಳ ನೂರಕ್ಕೆ ನೂರು ಮುಚ್ಚಿ ಮೂರು ತಿಂಗಳು ದಾಟಿದರೆ ಅದನ್ನು ನಾವು ಸಿಟಿಒ ಎನ್ನುತ್ತೇವೆ. ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಕ್ಯಾತಿಟರ್ ಹಾಕಿ ಇಂಥ ನಾಳಗಳನ್ನು ತೆರೆಯುತ್ತ ವರ್ಷಗಳು ಕಳೆದಿವೆ. ನಾನು ಕಲಿತದ್ದು ಇಷ್ಟು: ವೈರ್ ಕೈಗೆತ್ತಿಕೊಳ್ಳುವ ಮುಂಚಿನ ತೀರ್ಮಾನಗಳೇ ರೋಗಿಯನ್ನು ಕಾಯುತ್ತವೆ.

ತೆರೆಯಬೇಕೇ ಎಂಬುದು ಮೊದಲ ತೀರ್ಮಾನ. 2018ರಲ್ಲಿ ಪ್ರಕಟವಾದ ಯುರೋ ಸಿಟಿಒ ಅಧ್ಯಯನದಲ್ಲಿ ಬರಿಯ ಮಾತ್ರೆಯಲ್ಲಿದ್ದವರಿಗಿಂತ ಆಂಜಿಯೋಪ್ಲಾಸ್ಟಿ ಆದವರಿಗೆ ಎದೆನೋವು ಹೆಚ್ಚು ತಗ್ಗಿತು. ಆಯುಷ್ಯ ಹೆಚ್ಚುತ್ತದೆ ಎಂಬುದು ಮಾತ್ರ ಸಾಬೀತಾಗಿಲ್ಲ. "ಬ್ಲಾಕ್ ತೆಗೆದುಬಿಡಿ ಡಾಕ್ಟ್ರೇ" ಎಂದು ಮಗ ಅವಸರಪಡಿಸಿದರೂ ನಾನು ತಂದೆಯನ್ನೇ ಕೇಳುತ್ತೇನೆ: "ಯಜಮಾನ್ರೇ, ಮಾತ್ರೆ ತಗೊಂಡ ಮೇಲೂ ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತಾ?"

ಎರಡನೆಯದು, ನೋಡುವುದು. ಮುಚ್ಚಿದ ಜಾಗದ ಆಚೆಗೆ ಕೊಲ್ಯಾಟರಲ್ ಎಂಬ ಸಣ್ಣ ನಾಳಗಳು ಬೇರೆ ಕಡೆಯಿಂದ ರಕ್ತ ತಲುಪಿಸುತ್ತಿರುತ್ತವೆ. ಎಡ, ಬಲ ಎರಡೂ ನಾಳಗಳಿಗೆ ಒಟ್ಟಿಗೆ ಡೈ ಬಿಟ್ಟರೆ ಬ್ಲಾಕ್‌ನ ತುದಿಮೊದಲು, ಉದ್ದ, ಸುಣ್ಣಗಟ್ಟಿದ ಭಾಗ ಕಾಣುತ್ತವೆ. ಆ ಚಿತ್ರಗಳನ್ನು ಹಿಂದಿನ ದಿನವೇ ಕೂತು ನೋಡುತ್ತೇನೆ.

ಮೂರನೆಯದು, ದಾರಿ. 0.014 ಇಂಚಿನ ವೈರನ್ನು ಮೈಕ್ರೋಕ್ಯಾತಿಟರ್ ಆಸರೆಯಲ್ಲಿ ಮುಂದಿನಿಂದ ತೂರಿಸುತ್ತೇವೆ. ಮೆದುವಾದದ್ದು ಸಾಲದಿದ್ದರೆ ಗಡಸು ವೈರ್. ಅದು ನಾಳದ ಗೋಡೆಯೊಳಗೆ ಸರಿದರೆ ಬ್ಲಾಕ್ ದಾಟಿಸಿ ಮತ್ತೆ ಒಳದಾರಿಗೆ ತರಬಹುದು. ಕೊಲ್ಯಾಟರಲ್ ಹಿಡಿದು ಹಿಂದಿನಿಂದಲೂ ಬರಬಹುದು. ಈ ವಿದ್ಯೆಯನ್ನು ಬೆಳೆಸಿದ್ದರಲ್ಲಿ ಜಪಾನಿನ ವೈದ್ಯರ ಪಾಲು ದೊಡ್ಡದು. 2012ರ ಹೈಬ್ರಿಡ್ ವಿಧಾನದ ತಿರುಳೂ ಇದೇ: ಎಲ್ಲ ದಾರಿಗಳನ್ನೂ ಮೊದಲೇ ಗುರುತಿಸಿಕೊ, ಒಂದು ಸಾಗದಿದ್ದರೆ ಹಟ ಹಿಡಿಯದೆ ಇನ್ನೊಂದಕ್ಕೆ ಹೊರಳು.

ಕೊನೆಯದು, ಎಲ್ಲಿ ನಿಲ್ಲಿಸಬೇಕು ಎಂಬುದು. ಡೈ ಹೆಚ್ಚಾದರೆ ಕಿಡ್ನಿಗೆ ಪೆಟ್ಟು, ಎಕ್ಸ್‌ರೇ ಹೆಚ್ಚಾದರೆ ಚರ್ಮಕ್ಕೆ. ನಾಳ ತೂತಾದರೆ ಹೃದಯದ ಸುತ್ತ ರಕ್ತ ತುಂಬಿ ಜೀವಕ್ಕೇ ಸಂಚಕಾರ. ಅದಕ್ಕೇ ಡೈ ಮತ್ತು ವಿಕಿರಣದ ಮಿತಿಯನ್ನು ಶುರುವಿಗೆ ಮೊದಲೇ ತಂಡಕ್ಕೆ ಹೇಳಿರುತ್ತೇನೆ. ಮಿತಿ ಮುಟ್ಟಿದಾಗ ಟೆಕ್ನಿಷಿಯನ್ ಕೂಗಿ ಹೇಳಬೇಕು, ನಾನು ಕೇಳಬೇಕು. ಹಾಗೆ ನಿಲ್ಲಿಸಿದ ದಿನ ಬಲೂನಿನಿಂದ ಸಡಿಲಿಸಿಟ್ಟ ಬ್ಲಾಕನ್ನು ಕೆಲವು ವಾರ ಬಿಟ್ಟು ಮತ್ತೆ ಪ್ರಯತ್ನಿಸಿದಾಗ ವೈರ್ ಸಲೀಸಾಗಿ ದಾಟಿದ್ದನ್ನು ಕಂಡಿದ್ದೇನೆ.

ಒಪ್ಪಿಗೆಗೆ ಸಹಿ ಹಾಕುವ ಮೊದಲು ನೀವೂ ಕೇಳಿ: ಇದರಿಂದ ನನ್ನ ಯಾವ ತೊಂದರೆ ಕಡಿಮೆಯಾಗುತ್ತದೆ? ಬೈಪಾಸ್ ಅಥವಾ ಮಾತ್ರೆ ಸಾಕೇ? ಎಲ್ಲಿಗೆ ನಿಲ್ಲಿಸುತ್ತೀರಿ? ಇವಕ್ಕೆ ನೇರ ಉತ್ತರ ಕೊಡುವ ವೈದ್ಯರ ಕೈಯಲ್ಲಿ ವೈರ್ ಇರಲಿ.