ಸ್ಕ್ಯಾನಿನಲ್ಲಿ ಕಂಡ ನೀರುಗುಳ್ಳೆ

ಪ್ರಶ್ನೆ: ಒಂಬತ್ತು ವರ್ಷದ ಮಗ ಸೈಕಲ್ಲಿನಿಂದ ಬಿದ್ದಾಗ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಪೆಟ್ಟೇನೂ ಆಗಿಲ್ಲ, ಆದರೆ ಮಿದುಳಿನ ಎಡಭಾಗದಲ್ಲಿ ಅರಾಕ್ನಾಯ್ಡ್ ಸಿಸ್ಟ್ ಇದೆಯಂತೆ. ಔಷಧ, ಆಪರೇಷನ್ ಏನೂ ಬೇಡ, ವರ್ಷ ಬಿಟ್ಟು ಎಂ.ಆರ್.ಐ. ಮಾಡಿಸಿ ಎಂದರು. ತಲೆಯಲ್ಲಿ ಗಡ್ಡೆ ಇಟ್ಟುಕೊಂಡು ಸುಮ್ಮನಿರುವುದು ಹೇಗೆ? ರಾತ್ರಿ ಎದ್ದೆದ್ದು ಅವನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಆಟಕ್ಕೂ ಕಳಿಸುತ್ತಿಲ್ಲ.
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಮಗುವಿನ ಉಸಿರು ನೋಡಲು ನಡುರಾತ್ರಿ ಏಳುವ ತಾಯಿಗೆ ‘ಹೆದರಬೇಡಿ’ ಎಂದರೆ ಏನು ಪ್ರಯೋಜನ? ನಿಮ್ಮ ಭಯ ಸಹಜವೇ. ಒಂದು ಮಾತ್ರೆ ಬರೆದುಕೊಟ್ಟಿದ್ದರೂ ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನ ಇರುತ್ತಿತ್ತು. ಆಸ್ಪತ್ರೆಯ ಗಡಿಬಿಡಿಯಲ್ಲಿ ‘ಏನೂ ಬೇಡ’ ಎಂದರೆ ಕೈಬಿಟ್ಟರೇನೋ ಅನ್ನಿಸುತ್ತದೆ. ವೈದ್ಯರು ಇನ್ನೈದು ನಿಮಿಷ ಕೂತು ವಿವರಿಸಿದ್ದರೆ ಚೆನ್ನಾಗಿತ್ತು.

ಮಿದುಳನ್ನು ಸುತ್ತಿರುವ ಪೊರೆಗಳಲ್ಲಿ ಅರಾಕ್ನಾಯ್ಡ್ ಒಂದು. ಸಾಮಾನ್ಯವಾಗಿ ಮಗು ಹೊಟ್ಟೆಯಲ್ಲಿರುವಾಗಲೇ ಆ ಪೊರೆ ಒಂದೆಡೆ ಸೀಳಿಕೊಂಡು, ನಡುವೆ ನೀರು ತುಂಬಿಕೊಳ್ಳುತ್ತದೆ. ಎಲ್ಲರ ಮಿದುಳಿನ ಸುತ್ತ ಇರುವ ತಿಳಿನೀರೇ ಅದು. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವಂಥದ್ದೂ ಅಲ್ಲ. ಹುಡುಗರಲ್ಲಿ, ಅದೂ ಎಡಗಡೆ, ಹೆಚ್ಚಾಗಿ ಕಾಣುತ್ತದೆ. ನಿಮ್ಮ ಮಗ ಇದನ್ನು ಇಟ್ಟುಕೊಂಡೇ ನಡೆಯಲು ಕಲಿತ, ಮಗ್ಗಿ ಕಲಿತ, ಸೈಕಲ್ಲನ್ನೂ ಕಲಿತ. ಅವತ್ತು ಬೀಳದಿದ್ದರೆ ಬಹುಶಃ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ಇಂಥ ಗುಳ್ಳೆಗಳಲ್ಲಿ ಹೆಚ್ಚಿನವು ವರ್ಷಗಟ್ಟಲೆ ಇದ್ದಷ್ಟೇ ಇರುತ್ತವೆ. ಕೆಲವು ತಾವಾಗಿ ಕುಗ್ಗುತ್ತವೆ. ಅಪರೂಪಕ್ಕೆ ಪೂರ್ತಿ ಮಾಯವಾದದ್ದೂ ಉಂಟು. ಗೋಡೆಯಲ್ಲಿ ಸಣ್ಣ ಬಿರುಕು ಬಿಟ್ಟು ಒಳಗಿನ ನೀರು ಸುತ್ತಲಿನ ನೀರಿಗೆ ಸೇರಿಹೋಗಬಹುದು. ನಿಮ್ಮ ಮಗನದೂ ಕುಗ್ಗಿಯೇ ತೀರುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಇದ್ದಷ್ಟೇ ಇದ್ದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಬೆಳೆಯುವವು ಕಡಿಮೆ, ಅವೂ ಬಹುಪಾಲು ಎಳೆಗೂಸುಗಳಲ್ಲಿ. ಮಿದುಳನ್ನು ಒತ್ತುತ್ತಿದ್ದರೆ ಆಪರೇಷನ್ ಬೇಕಾಗುತ್ತದೆ. ತಂಟೆಯಿಲ್ಲದ ಗುಳ್ಳೆಗಾಗಿ ಮಗುವಿನ ತಲೆಬುರುಡೆ ತೆರೆಯಲು ಒಳ್ಳೆಯ ಡಾಕ್ಟರು ಒಪ್ಪುವುದಿಲ್ಲ. ಕಾಯುವುದನ್ನು ಅವರು ಯೋಚಿಸಿಯೇ ಹೇಳಿದ್ದಾರೆ.

ಹಾಗಾದರೆ ಏನನ್ನು ಗಮನಿಸಬೇಕು? ಬೆಳಿಗ್ಗೆ ಏಳುತ್ತಲೇ ತಲೆನೋವು, ವಾಂತಿ, ಫಿಟ್ಸ್, ಕಣ್ಣು ಮಂಜಾಗುವುದು, ನಡೆಯುವಾಗ ತೂರಾಡುವುದು. ತಲೆಗೆ ಪೆಟ್ಟು ಬಿದ್ದ ಮೇಲೆ, ಕೆಲವು ವಾರಗಳ ನಂತರವೇ ಆಗಲಿ, ತಲೆನೋವು ಹೆಚ್ಚುತ್ತಾ ಹೋದರೆ ಅಥವಾ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಗುಳ್ಳೆಯ ಪಕ್ಕ ರಕ್ತಸ್ರಾವವಾಗುವುದು ವಿರಳ, ಆದರೆ ಆಗುವುದುಂಟು. ಇಷ್ಟನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ, ಕ್ಲಾಸ್ ಟೀಚರಿಗೂ ತಿಳಿಸಿ. ರಾತ್ರಿ ಉಸಿರು ನೋಡುವುದು ಈ ಪಟ್ಟಿಯಲ್ಲಿಲ್ಲ, ಗಮನಿಸಿ.

ಆಟ ನಿಲ್ಲಿಸಿದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಇಂಥ ಬಹುಪಾಲು ಮಕ್ಕಳು ಎಲ್ಲರಂತೆ ಓಡಿಯಾಡುತ್ತಾರೆ. ಕಬಡ್ಡಿ, ಕರಾಟೆಯಂಥ ತಲೆಗೆ ಪೆಟ್ಟು ಬೀಳಬಹುದಾದವನ್ನು ಡಾಕ್ಟರನ್ನು ಕೇಳಿ ನಿರ್ಧರಿಸಿ. ಸೈಕಲ್ಲಿಗೆ ಹೆಲ್ಮೆಟ್ ಇರಲಿ. ಮಗನಿಗೂ ಹೇಳಿ: ‘ಹುಟ್ಟಿದಾಗಿನಿಂದ ನಿನ್ನ ತಲೆಯೊಳಗೆ ಒಂದು ನೀರಿನ ಗುಳ್ಳೆ ಇದೆ. ಡಾಕ್ಟರು ಮುಂದಿನ ವರ್ಷ ಇನ್ನೊಂದು ಫೋಟೊ ತೆಗೆದು ನೋಡ್ತಾರೆ.’ ಒಂಬತ್ತರ ಹುಡುಗ ಅಮ್ಮನ ಮುಖ ಓದಬಲ್ಲ. ಹೇಳದಿದ್ದರೆ ತಾನೇ ಇನ್ನೂ ದೊಡ್ಡದನ್ನು ಊಹಿಸಿಕೊಳ್ಳುತ್ತಾನೆ.

ನಿಮ್ಮ ನಿದ್ದೆಯ ವಿಷಯ. ಈ ಎಚ್ಚರ ಇನ್ನೆರಡು ವಾರದಲ್ಲಿ ತಗ್ಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೇಳುವುದಿಲ್ಲ. ಸಂಶಯ ಹೋಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಹತ್ತಿರದ ನರಶಸ್ತ್ರತಜ್ಞರಲ್ಲೋ ಎರಡನೇ ಅಭಿಪ್ರಾಯ ಕೇಳಿ, ಅದರಲ್ಲಿ ಸಂಕೋಚವೇನೂ ಬೇಡ. ಹೋಗುವಾಗ ರಿಪೋರ್ಟಿನ ಜೊತೆ ಸ್ಕ್ಯಾನಿನ ಸಿ.ಡಿ.ಯನ್ನೂ ಒಯ್ಯಿರಿ. ಮುಂದಿನ ವರ್ಷ ಗುಳ್ಳೆ ಹಿಗ್ಗಿದೆಯೋ ಕುಗ್ಗಿದೆಯೋ ಎಂದು ಹೇಳಲು ಇವತ್ತಿನ ಚಿತ್ರ ಬೇಕು.