ಮೂರೂವರೆ ವ್ಯಾಟಿನ ಗಣಕಯಂತ್ರ

ಗಣಕಯಂತ್ರವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು 'ಮುಟ್ಟಬೇಡ, ಕೆಟ್ಟೀತು' ಎಂಬ ಹಿರಿಯರ ಮಾತು. ಮುಂಬಯಿಯಂತಹ ನಗರದಲ್ಲಿ, ಒಂದೇ ಖೋಲಿಯ ಮನೆಯಲ್ಲಿ, ಅಣ್ಣನ ಕೆಲಸಕ್ಕೆಂದು ಸಾಲಮಾಡಿ ತಂದ ಯಂತ್ರವನ್ನು ಕಿರಿಯರ ಕೈಗೆ ಕೊಡಲು ಅಂಜುವುದು ತಪ್ಪೇನೂ ಅಲ್ಲ. ಆದರೆ ಕೆಡಿಸುವ ಭಯವಿರುವಲ್ಲಿ ಯಾವ ಯಂತ್ರವಿದ್ಯೆಯೂ ಕೈವಶವಾಗದು. ಕೆಟ್ಟರೂ ಚಿಂತೆಯಿಲ್ಲದ ಗಣಕವೊಂದು ಹೇಗೆ ಸಾಧ್ಯವಾಯಿತೆಂಬುದನ್ನು ಇಲ್ಲಿ ವಿಚಾರಿಸೋಣ.

ಈ ಕಥೆ ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಆರಂಭವಾಗುತ್ತದೆ. ಅಲ್ಲಿನ ಏಕಾರ್ನ್ ಎಂಬ ಸಂಸ್ಥೆ 1981ರಲ್ಲಿ ಶಾಲೆಗಳಿಗಾಗಿ ಬಿ.ಬಿ.ಸಿ. ಮೈಕ್ರೊ ಎಂಬ ಗಣಕವನ್ನು ತಯಾರಿಸಿತ್ತು. ಮುಂದಿನ ಯಂತ್ರಕ್ಕೆ ಬೇಕಾದ ಸಂಸ್ಕಾರಕವನ್ನು, ಎಂದರೆ ಲೆಕ್ಕಮಾಡುವ ಮುಖ್ಯ ಚಿಪ್ಪನ್ನು, ಅಲ್ಲಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ತಾವೇ ರೂಪಿಸಲು ಹೊರಟರು. ಚಿಪ್ಪು ಬಿಸಿಯಾದರೆ ಅದಕ್ಕೆ ದುಬಾರಿಯಾದ ಪಿಂಗಾಣಿಯ ಕವಚ ಬೇಕು. ತಣ್ಣಗಿದ್ದರೆ ಅಗ್ಗದ ಪ್ಲಾಸ್ಟಿಕ್ ಸಾಕು. ಆದಕಾರಣ ಅದು ಒಂದು ವ್ಯಾಟಿಗಿಂತ ಕಡಿಮೆ ವಿದ್ಯುತ್ತನ್ನು ಬಳಸಬೇಕೆಂದು ಅವರು ನಿಶ್ಚಯಿಸಿದರು. ಆಜ್ಞೆಗಳನ್ನು ಸರಳಗೊಳಿಸಿ, ಸುಮಾರು 25,000 ಟ್ರಾನ್ಸಿಸ್ಟರುಗಳಲ್ಲಿಯೇ ಕೆಲಸ ಮುಗಿಸಿದರು. ಅದೇ ವರ್ಷ ಹೊರಬಂದ ಇಂಟೆಲ್ 80386 ಚಿಪ್ಪಿನಲ್ಲಿ ಅವು 2,75,000 ಇದ್ದವು.

1985ನೆಯ ಏಪ್ರಿಲ್ 26ರಂದು ಮೊದಲ ಚಿಪ್ಪು ಕೈಸೇರಿತು. ಅಂದೇ ಕೆಲಸವನ್ನೂ ಮಾಡಿತು. ಬಳಿಕ ಫರ್ಬರ್ ಅವರು ವಿದ್ಯುತ್ತಿನ ಬಳಕೆಯನ್ನು ಅಳೆಯಹೋದಾಗ ಮೀಟರು ಸೊನ್ನೆಯನ್ನು ತೋರಿಸಿತು. ಪರೀಕ್ಷಿಸಿ ನೋಡಿದರೆ, ಚಿಪ್ಪಿಗೆ ವಿದ್ಯುತ್ತನ್ನು ಒದಗಿಸುವ ಸಂಪರ್ಕವೇ ಆಗಿರಲಿಲ್ಲ! ಸಂಕೇತಗಳನ್ನು ಒಯ್ಯುವ ತಂತಿಗಳಿಂದ ಸೋರಿ ಬಂದ ಅಲ್ಪ ವಿದ್ಯುತ್ತಿನಿಂದಲೇ ಅದು ನಡೆಯುತ್ತಿತ್ತು. ಸರಿಯಾಗಿ ಅಳೆದಾಗ ಬಳಕೆ ಒಂದು ವ್ಯಾಟಿನ ಹತ್ತರಲ್ಲೊಂದು ಪಾಲಿನಷ್ಟು. ಆರ್ಮ್ ಎಂಬ ಈ ಚಿಪ್ಪಿನ ಸಂತತಿಯೇ ಇಂದು ನಮ್ಮ ಜೇಬಿನ ಮೊಬೈಲುಗಳಲ್ಲಿದೆ.

ಚಿಪ್ಪೊಂದರಿಂದಲೇ ಗಣಕ ನಡೆಯದು. ಕೀಲಿಮಣೆ, ಪರದೆ, ಸ್ಮೃತಿ ಇವೆಲ್ಲವನ್ನೂ ಹೊಂದಿಸಿ ನಡೆಸುವ ಕ್ರಮವಿಧಿಗಳ ಸಮೂಹಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ವಿಂಡೋಸಿನಂತಹ ವ್ಯವಸ್ಥೆಗಳನ್ನು ಮಾರುವವರು ಅವುಗಳ ಮೂಲಬರಹವನ್ನು ಗುಟ್ಟಾಗಿರಿಸುತ್ತಾರೆ. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ವ್ಯವಸ್ಥೆಯನ್ನು ಕಟ್ಟುವೆವೆಂದು 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಅದಕ್ಕೆ ತಿರುಳಾಗಿ ಒದಗಿತು.

ಈ ಎರಡನ್ನೂ ಕೂಡಿಸಿದ ಒಂದು ಯತ್ನ ನಮ್ಮ ಬೆಂಗಳೂರಿನಲ್ಲಿಯೇ ನಡೆದುದು ಅಭಿಮಾನದ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರರೂ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ಜನರ ಮುಂದಿಟ್ಟರು. ಅದರಲ್ಲಿ ಆರ್ಮ್ ವಂಶದ ಚಿಪ್ಪೂ ಲಿನಕ್ಸೂ ಇದ್ದವು. ಓದುಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡೂ ಇತ್ತು. 2004ರಲ್ಲಿ ಮಾರುಕಟ್ಟೆಗೆ ಬಂದರೂ ಅದು ಎಣಿಸಿದಷ್ಟು ಮಾರಾಟವಾಗಲಿಲ್ಲ. ಆದರೂ ಅದರ ಹಿಂದಿನ ಆಲೋಚನೆ ಸೋತಿತೆಂದು ನಮಗೆ ತೋರುವುದಿಲ್ಲ.

ಅಂತಹುದೇ ಆಲೋಚನೆ ಮುಂದೆ ಕೇಂಬ್ರಿಜಿನಲ್ಲಿ ಫಲಿಸಿತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಕವಿಜ್ಞಾನವನ್ನು ಕಲಿಯಬರುವವರ ಸಂಖ್ಯೆಯೂ ಸಿದ್ಧತೆಯೂ ಕುಗ್ಗುತ್ತಿರುವುದನ್ನು ಎಬೆನ್ ಅಪ್ಟನ್ ಮತ್ತು ಸಹೋದ್ಯೋಗಿಗಳು ಕಂಡರು. ಬಾಲ್ಯದಲ್ಲಿ ಬಿ.ಬಿ.ಸಿ. ಮೈಕ್ರೊ ಮೇಲೆ ಕೈಪಳಗಿಸಿಕೊಂಡಿದ್ದ ಅಪ್ಟನ್ನರಿಗೆ ಕಾರಣ ಹೊಳೆಯಿತು: ಹೊಸ ಪೀಳಿಗೆಯ ಮಕ್ಕಳಿಗೆ ಬಿಚ್ಚಿ, ತಿದ್ದಿ ನೋಡುವಂತಹ ಯಂತ್ರವೇ ಸಿಗುತ್ತಿರಲಿಲ್ಲ. ಅವರು ರೂಪಿಸಿದ ರಾಸ್ಪ್‌ಬೆರಿ ಪೈ 2012ನೆಯ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಬೆಲೆ 35 ಡಾಲರು. ಅಗಲ ಬ್ಯಾಂಕಿನ ಕಾರ್ಡಿನಷ್ಟು. 2015ರಲ್ಲಿ ಬಂದ 5 ಡಾಲರಿನ ಪೈ ಝೀರೊವನ್ನು ಒಂದು ಮಾಸಪತ್ರಿಕೆಯ ಮುಖಪುಟಕ್ಕೆ ಅಂಟಿಸಿಯೇ ಓದುಗರಿಗೆ ಕೊಟ್ಟರು. ನಮ್ಮ ವಾರ್ಷಿಕ ಸಂಚಿಕೆಯ ಸಂಪಾದಕರು ಇದನ್ನು ಗಮನಿಸಬೇಕಾಗಿ ಬಿನ್ನಹ!

ಈಗ ಲೆಕ್ಕಕ್ಕೆ ಬರೋಣ. 2012ರ ಮಾದರಿಗೆ 5 ವೋಲ್ಟಿನಲ್ಲಿ 700 ಮಿಲಿಆಂಪಿಯರ್ ಸಾಕು, ಗುಣಿಸಿದರೆ 3.5 ವ್ಯಾಟು. ದಿನಕ್ಕೆ ಎರಡು ಗಂಟೆ ನಡೆಸಿದರೆ ಒಂದು ಯೂನಿಟ್, ಎಂದರೆ 1,000 ವ್ಯಾಟ್-ಗಂಟೆ, ಮುಗಿಯಲು ಸುಮಾರು 143 ದಿನಗಳು ಬೇಕು. 100 ವ್ಯಾಟು ಬಳಸುವ ಮೇಜಿನ ಗಣಕ ಅಷ್ಟನ್ನು ಐದೇ ದಿನಗಳಲ್ಲಿ ಮುಗಿಸೀತು. ಪರದೆಯ ಖರ್ಚು ಇದರಲ್ಲಿ ಸೇರಿಲ್ಲ. ಪೈಯ ಈಚಿನ ವೇಗದ ಮಾದರಿಗಳು ಹೆಚ್ಚು ವಿದ್ಯುತ್ತನ್ನು ಬೇಡುತ್ತವೆಂಬುದನ್ನೂ ಮರೆಮಾಚಬಾರದು.

ಯಂತ್ರ ಹೊರಬಂದಾಗ ಅದರ ಚಿಪ್ಪಿನ ಶಕ್ತಿಯನ್ನು ಪೂರ್ತಿ ಬಳಸಿಕೊಳ್ಳುವ ಲಿನಕ್ಸ್ ಇರಲಿಲ್ಲ. ಇಬ್ಬರು ಸ್ವಯಂಸೇವಕರು ಡೆಬಿಯನ್ ಎಂಬ ಲಿನಕ್ಸ್ ಸಂಕಲನದ ಸಾವಿರಾರು ಕ್ರಮವಿಧಿಗಳನ್ನು ಅದಕ್ಕೆ ಒಪ್ಪುವಂತೆ ಮರಳಿ ಸಿದ್ಧಪಡಿಸಿದರು. ಮೂಲಬರಹ ಬಯಲಾಗಿದ್ದುದರಿಂದ ಯಾರ ಅಪ್ಪಣೆಯನ್ನೂ ಅವರು ಬೇಡಬೇಕಾಗಲಿಲ್ಲ.

ಪೈಯ ಕಾರ್ಯಾಚರಣ ವ್ಯವಸ್ಥೆಯೆಲ್ಲವೂ ಒಂದು ಚಿಕ್ಕ ಮೆಮರಿ ಕಾರ್ಡಿನಲ್ಲಿರುತ್ತದೆ. ತಿದ್ದಹೋಗಿ ಕೆಡಿಸಿದಿರೋ, ಕಾರ್ಡನ್ನು ಅಳಿಸಿ ಮತ್ತೆ ಬರೆದರಾಯಿತು, ಯಂತ್ರ ಮೊದಲಿನಂತಾಗುತ್ತದೆ. ಮನೆಯ ಟೀವಿಯೇ ಅದಕ್ಕೆ ಪರದೆಯಾದೀತು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಯಂತ್ರ ನಡೆಯುತ್ತಿರುವಾಗ ಪ್ಲಗ್ಗನ್ನು ಕಿತ್ತರೆ ಕಾರ್ಡಿನ ಬರಹ ಕೆಡುವ ಸಂಭವವುಂಟು. ಮೊದಲು ಶಟ್‌ಡೌನ್ ಆಜ್ಞೆಯನ್ನು ಕೊಟ್ಟು, ಹಸಿರು ದೀಪದ ಮಿನುಗು ನಿಂತ ಬಳಿಕವೇ ವಿದ್ಯುತ್ತನ್ನು ಆರಿಸತಕ್ಕದ್ದು.