ಇಸುಬಿನ ತುರಿಕೆಗೆ ತಂಪಿನ ಆರೈಕೆ

ರಾತ್ರಿ ಒಂದೂವರೆ ಗಂಟೆ. ಮನೆಯವರೆಲ್ಲ ನಿದ್ದೆಯಲ್ಲಿದ್ದಾರೆ. ಕತ್ತಲಲ್ಲಿ ಮಗು ಮೊಣಕೈಯ ಒಳಮಡಿಕೆಯನ್ನು ಪರಪರನೆ ಕೆರೆದುಕೊಳ್ಳುವ ಸದ್ದು ಮಾತ್ರ ಕೇಳುತ್ತಿದೆ. "ಕೆರೀಬೇಡ ಮಗಾ" ಎಂದು ಉಮ್ಮ ನಿದ್ದೆಗಣ್ಣಿನಲ್ಲೇ ಅದರ ಕೈ ಹಿಡಿಯುತ್ತಾರೆ. ಹಿಡಿತ ಸಡಿಲವಾದೊಡನೆ ಮತ್ತೆ ಅದೇ ಸದ್ದು. ಬೆಳಿಗ್ಗೆ ನೋಡಿದರೆ ಹಾಸಿಗೆಯ ಬಟ್ಟೆಯ ಮೇಲೆ ರಕ್ತದ ಚುಕ್ಕೆಗಳು. ಇಸುಬು, ಅಂದರೆ ಎಕ್ಸಿಮಾ ಇರುವ ಮಕ್ಕಳ ಮನೆಗಳಿಗೆ ಇದು ಹೊಸ ಸಂಗತಿಯಲ್ಲ.

ಇಂಥ ಮಗುವಿಗೆ "ಕೆರೆಯಬೇಡ" ಎಂದು ಹೇಳಿ ಪ್ರಯೋಜನವಿಲ್ಲ. ತುರಿಕೆ ದುರಭ್ಯಾಸವಲ್ಲ, ಅದೊಂದು ಯಾತನೆ. ಇಸ್ಲಾಮ್ ಅದನ್ನು ಹಗುರವಾಗಿ ಕಂಡಿಲ್ಲ. ಪುರುಷರಿಗೆ ರೇಷ್ಮೆ ನಿಷಿದ್ಧವಾಗಿದ್ದರೂ, ತುರಿಕೆಯಿಂದ ಬಳಲುತ್ತಿದ್ದ ಅಬ್ದುರ‍್ರಹ್ಮಾನ್ ಬಿನ್ ಔಫ್(ರ) ಮತ್ತು ಝುಬೈರ್ ಬಿನ್ ಅವ್ವಾಮ್(ರ) ಅವರಿಗೆ ರೇಷ್ಮೆಯ ಅಂಗಿ ಧರಿಸಲು ಪ್ರವಾದಿ ಮುಹಮ್ಮದ್(ಸ) ಅನುಮತಿ ನೀಡಿದ್ದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಸಹಾಬಿಗಳ ತುರಿಕೆಗೆ ಸಿಕ್ಕಿದ ಕಾಳಜಿ ನಮ್ಮ ಮನೆಯ ಮಗುವಿಗೂ ಸಿಗಬೇಕಲ್ಲವೇ? ಕೆರೆಯುವ ಕೈಯನ್ನು ತಡೆದರೆ ಸಾಲದು. ಆ ಹೊತ್ತಿಗೆ ಬದಲಿಗೆ ಏನನ್ನಾದರೂ ಕೊಡಬೇಕು. ಖರ್ಚಿಲ್ಲದ, ಮನೆಯಲ್ಲೇ ಸಿಗುವ ಅಂಥ ಒಂದು ಉಪಾಯ ತಂಪು.

ತುರಿಕೆಯ ಚಕ್ರ

ಇಸುಬು ಇರುವವರ ಚರ್ಮದ ಹೊರಪದರ ದುರ್ಬಲ. ಗಾರೆ ಉದುರಿದ ಇಟ್ಟಿಗೆ ಗೋಡೆಯಂತೆ ಅದರಲ್ಲಿ ಸಣ್ಣ ಬಿರುಕುಗಳಿರುತ್ತವೆ. ಅವುಗಳ ಮೂಲಕ ಚರ್ಮದ ತೇವಾಂಶ ಹೊರಹೋಗುತ್ತದೆ. ಸಾಬೂನು, ಧೂಳು, ಬೆವರು, ರೋಗಾಣುಗಳು ಒಳಹೋಗಿ ಕೆರಳಿಸುತ್ತವೆ. ಆಗ ಉರಿಯೂತ, ಅದರ ಹಿಂದೆಯೇ ತುರಿಕೆ. ಕೆರೆದಷ್ಟೂ ಪದರ ಇನ್ನಷ್ಟು ಹರಿಯುತ್ತದೆ, ತುರಿಕೆ ಇನ್ನಷ್ಟು ಹೆಚ್ಚುತ್ತದೆ. ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು.

ಸೆಕೆ ಮತ್ತು ಬೆವರು ತುರಿಕೆಯನ್ನು ಕೆರಳಿಸುತ್ತವೆ. ಹೊದಿಕೆಯೊಳಗೆ ಮೈ ಬಿಸಿಯಾಗುವ ರಾತ್ರಿಯ ಹೊತ್ತಿನಲ್ಲಿ ಕಾಟ ಹೆಚ್ಚಲು ಇದೂ ಒಂದು ಕಾರಣ. ಕೆಲವರು ತುರಿಸುವ ಜಾಗಕ್ಕೆ ಬಿಸಿನೀರು ಸುರಿದುಕೊಳ್ಳುತ್ತಾರೆ. ಆ ಕ್ಷಣಕ್ಕೆ ಹಿತವೆನಿಸಿದರೂ ಬಿಸಿನೀರು ಚರ್ಮದ ಜಿಡ್ಡನ್ನು ತೊಳೆದುಬಿಡುತ್ತದೆ. ಸ್ವಲ್ಪ ಹೊತ್ತಿಗೆ ತುರಿಕೆ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ.

ತಂಪು ಏನು ಮಾಡುತ್ತದೆ?

ಚರ್ಮದಲ್ಲಿ ತಂಪನ್ನು ಗುರುತಿಸುವ ನರತುದಿಗಳಿವೆ. ತಂಪು ತಾಗಿದಾಗ ಅವು ಕಳುಹಿಸುವ ಸಂದೇಶವು ತುರಿಕೆಯ ಸಂದೇಶವನ್ನು ಬೆನ್ನುಹುರಿಯ ಮಟ್ಟದಲ್ಲೇ ತಗ್ಗಿಸುತ್ತದೆ. ಜೊತೆಗೆ ತಂಪಿನಿಂದ ಸಣ್ಣ ರಕ್ತನಾಳಗಳು ಸಂಕುಚಿಸಿ ಕೆಂಪು, ಬಿಸಿ ಮತ್ತು ಊತ ಕಡಿಮೆಯಾಗುತ್ತವೆ. ಆದರೆ ನೆನಪಿಡಿ, ತಂಪು ತುರಿಕೆಯನ್ನು ಶಮನ ಮಾಡುತ್ತದೆ, ಇಸುಬನ್ನು ವಾಸಿ ಮಾಡುವುದಿಲ್ಲ. ಅದು ಮುಲಾಮಿನ ಜೊತೆಗಾರ, ಮುಲಾಮಿಗೆ ಬದಲಿ ಅಲ್ಲ.

ಮಾಡುವ ವಿಧಾನ

1. ಮೆತ್ತನೆಯ, ಶುಭ್ರವಾದ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ. ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಮಡಕೆಯ ನೀರು ಸಾಕು. ಮರಗಟ್ಟಿಸುವಷ್ಟು ಶೀತಲವಾದ ನೀರು ಬೇಡ.

2. ತುರಿಸುವ ಜಾಗದ ಮೇಲೆ 5ರಿಂದ 10 ನಿಮಿಷ ಇಡಿ. ಉಜ್ಜಬೇಡಿ. ಬಟ್ಟೆ ಬಿಸಿಯಾದರೆ ಮತ್ತೆ ಅದ್ದಿ.

3. ನಂತರ ಟವಲಿನಿಂದ ಮೆಲ್ಲನೆ ಒತ್ತಿ ಒರೆಸಿ. ಚರ್ಮದಲ್ಲಿ ಸ್ವಲ್ಪ ಪಸೆ ಉಳಿದಿರಲಿ.

4. ಆ ಪಸೆ ಆರುವ ಮುನ್ನವೇ, ಎರಡು ಮೂರು ನಿಮಿಷಗಳೊಳಗೆ, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ವ್ಯಾಸಲಿನ್ ಧಾರಾಳವಾಗಿ ಹಚ್ಚಿ.

ಈ ನಾಲ್ಕನೆಯ ಹೆಜ್ಜೆಯನ್ನೇ ಹಲವರು ಬಿಡುತ್ತಾರೆ. ನೀರು ಆರುವಾಗ ಚರ್ಮ ಇನ್ನಷ್ಟು ಒಣಗುತ್ತದೆ. ಆದ್ದರಿಂದ ಹಚ್ಚದೆ ಬಿಟ್ಟ ತಣ್ಣೀರ ಪಟ್ಟಿ ಉಪಕಾರಕ್ಕಿಂತ ಅಪಕಾರ ಮಾಡೀತು.

ಮಾಯಿಶ್ಚರೈಸರನ್ನು ಫ್ರಿಜ್‌ನ ಕೆಳತಟ್ಟಿನಲ್ಲಿಟ್ಟು ತಣ್ಣಗೆ ಹಚ್ಚುವುದು ಇನ್ನೊಂದು ಸುಲಭ ಉಪಾಯ. ಮಲಗುವ ಮುನ್ನ ಬಟ್ಟೆ, ನೀರಿನ ಪಾತ್ರೆ ಮತ್ತು ಮುಲಾಮನ್ನು ಹಾಸಿಗೆಯ ಬಳಿ ಸಿದ್ಧವಾಗಿಟ್ಟರೆ ನಡುರಾತ್ರಿ ಹುಡುಕಾಡಬೇಕಿಲ್ಲ. ಸ್ವಲ್ಪ ದೊಡ್ಡ ಮಕ್ಕಳಿಗೆ, "ತುರಿಸಿದಾಗ ಕೆರೆಯದೆ ಈ ಬಟ್ಟೆ ಒತ್ತಿಕೋ" ಎಂದು ತಾವೇ ಮಾಡಿಕೊಳ್ಳಲು ಕಲಿಸಿ. ಉಗುರುಗಳನ್ನು ಗಿಡ್ಡವಾಗಿ ಕತ್ತರಿಸಿ. ತೆಳುವಾದ ಹತ್ತಿ ಬಟ್ಟೆ ತೊಡಿಸಿ ಮಲಗಿಸಿ.

ಎಚ್ಚರಿಕೆ ಎಲ್ಲಿ ಬೇಕು?

ಐಸ್ ತುಂಡನ್ನು ನೇರವಾಗಿ ಚರ್ಮಕ್ಕೆ ಇಡಬೇಡಿ, ಚರ್ಮ ಸುಟ್ಟಂತಾಗುತ್ತದೆ. ಬಳಸಲೇಬೇಕಾದರೆ ದಪ್ಪ ಬಟ್ಟೆಯಲ್ಲಿ ಸುತ್ತಿ, ಕೆಲವೇ ನಿಮಿಷ ಇಟ್ಟು ತೆಗೆಯಿರಿ. ಹಸುಗೂಸುಗಳ ಮೈ ಬೇಗನೆ ತಣಿಯುತ್ತದೆ. ಅವರಿಗೆ ಐಸ್ ಬೇಡ, ಮೈ ತುಂಬ ಒದ್ದೆ ಬಟ್ಟೆಯೂ ಬೇಡ. ಸಕ್ಕರೆ ಕಾಯಿಲೆಯಿಂದ ಕೈಕಾಲಿನ ಸ್ಪರ್ಶಜ್ಞಾನ ಕುಂದಿದ ಹಿರಿಯರು ಮತ್ತು ತಂಪು ತಾಗಿದರೆ ಮೈಮೇಲೆ ದದ್ದು ಏಳುವವರು ವೈದ್ಯರನ್ನು ಕೇಳದೆ ಈ ಆರೈಕೆ ಮಾಡಬಾರದು.

ತಂಪಿನ ಹೆಸರಿನಲ್ಲಿ ಮೆಂಥಾಲ್, ಕರ್ಪೂರ ಇರುವ ನೋವಿನ ಬಾಮ್ ಹಚ್ಚುವವರಿದ್ದಾರೆ. ಕೆರೆದು ಹರಿದ ಚರ್ಮಕ್ಕೆ ಅದು ಬೆಂಕಿಯಂತೆ ಉರಿಯುತ್ತದೆ. ಮಕ್ಕಳಿಗಂತೂ ಬೇಡವೇ ಬೇಡ. ಝೈತೂನ್ ಎಣ್ಣೆ ಬರಕತ್ತಿನದು, ಆಹಾರವಾಗಿ ಉತ್ತಮವಾದುದು. ಆದರೆ ಚರ್ಮಕ್ಕೆ ಹಚ್ಚಿದಾಗ ಅದು ಹೊರಪದರವನ್ನು ದುರ್ಬಲಗೊಳಿಸಬಹುದೆಂದು ಸಂಶೋಧನೆಯಲ್ಲಿ ಕಂಡುಬಂದಿದೆ. ಇಸುಬು ಇರುವವರಿಗೆ ಅದಕ್ಕಿಂತ ಶುದ್ಧ ತೆಂಗಿನೆಣ್ಣೆ ವಾಸಿ.

ವುಝೂ ಮತ್ತು ಉಪವಾಸ

ಇಸುಬು ಇರುವವರಿಗೆ ದಿನಕ್ಕೆ ಐದು ಬಾರಿಯ ವುಝೂ ತೊಂದರೆಯಲ್ಲ. ಒಂದು ರೀತಿಯಲ್ಲಿ ಅದು ಅವಕಾಶ. ತಣ್ಣೀರಿನಿಂದ ವುಝೂ ಮಾಡಿ, ಒತ್ತಿ ಒರೆಸಿ, ಕೂಡಲೇ ಮಾಯಿಶ್ಚರೈಸರ್ ಹಚ್ಚಿಕೊಂಡರೆ ದಿನಕ್ಕೆ ಐದು ಬಾರಿ ಆರೈಕೆಯಾಯಿತು. ಪ್ರತಿಸಲ ಸಾಬೂನು ಬೇಕಿಲ್ಲ. ನೀರನ್ನು ಮಿತವಾಗಿ ಬಳಸುವುದು ಸುನ್ನತ್ ಕೂಡ ಹೌದು, ಚರ್ಮಕ್ಕೂ ಹಿತ. ನೀರು ತಾಗದಂತೆ ತಡೆಯುವ ದಪ್ಪ ಮುಲಾಮು ಮೊದಲೇ ಮೆತ್ತಿದ್ದರೆ ಒರೆಸಿ ವುಝೂ ಮಾಡಿ, ನಂತರ ಹೊಸದಾಗಿ ಹಚ್ಚಿ. ಗಾಯಕ್ಕೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದ್ದರೆ ಶರೀಅತ್‌ನಲ್ಲಿ ರಿಯಾಯಿತಿ ಇದೆ. ಅದರ ವಿಧಾನವನ್ನು ಬಲ್ಲ ವಿದ್ವಾಂಸರಲ್ಲಿ ಕೇಳಿ ತಿಳಿಯಿರಿ.

ರಮಝಾನ್‌ನಲ್ಲಿ ಹಗಲು ಮುಲಾಮು ಹಚ್ಚಿದರೆ ಉಪವಾಸ ಮುರಿದೀತೆಂದು ಚಿಕಿತ್ಸೆ ನಿಲ್ಲಿಸುವವರಿದ್ದಾರೆ. ಚರ್ಮದ ಮೇಲೆ ಹಚ್ಚುವ ಮುಲಾಮಿನಿಂದ ಉಪವಾಸ ಮುರಿಯುವುದಿಲ್ಲವೆಂದು ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ. ತಣ್ಣೀರ ಪಟ್ಟಿಗೂ ಅಡ್ಡಿಯಿಲ್ಲ.

ತುರಿಕೆಯೆಲ್ಲ ಇಸುಬಲ್ಲ

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತುರಿಕೆ ಹತ್ತಿ, ಬೆರಳುಗಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕುಳ ಸುತ್ತ ಗುಳ್ಳೆಗಳೆದ್ದರೆ ಅದು ಕಜ್ಜಿಯಾಗಿರಬಹುದು. ಹಾಸ್ಟೆಲ್‌ನಿಂದ ರಜೆಗೆ ಬಂದ ಮಕ್ಕಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಕಜ್ಜಿ ಹರಡುತ್ತದೆ; ಮನೆಯವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಅಂಚು ಕೆಂಪಾಗಿ ಉಂಗುರದಂತೆ ಬೆಳೆಯುವ ಕಲೆ ಹುಳುಕಡ್ಡಿಯಾಗಿರಬಹುದು. ಇಂಥವಕ್ಕೆ ತಂಪಿನಿಂದ ತಾತ್ಕಾಲಿಕ ಹಿತ ಸಿಕ್ಕರೂ ರೋಗ ಒಳಗೊಳಗೇ ಹರಡುತ್ತಿರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹುಳುಕಡ್ಡಿಯನ್ನು ಇನ್ನಷ್ಟು ಬೆಳೆಸುತ್ತದೆ.

ಇಸುಬಿಗೆ ವೈದ್ಯರೇ ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟಾಗ ಹೆದರಿ ಬಿಡುವುದೂ ತಪ್ಪು. ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿ. ವಯಸ್ಕರ ತೋರುಬೆರಳಿನ ತುದಿಯ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮ್. ವಯಸ್ಕರ ಎರಡು ಅಂಗೈಗಳಷ್ಟು ಜಾಗಕ್ಕೆ ಅದು ಸಾಕು.

ಚರ್ಮದಿಂದ ಕೀವು ಅಥವಾ ಹಳದಿ ಹಕ್ಕಳೆ ಬಂದರೆ, ಜಾಗ ಬಿಸಿಯಾಗಿ ನೋವು ಹೆಚ್ಚಿದರೆ, ವಾರ ಕಳೆದರೂ ನಿದ್ದೆ ಕೆಡುವುದು ನಿಲ್ಲದಿದ್ದರೆ ವೈದ್ಯರಲ್ಲಿ ತೋರಿಸಿ. ಜ್ವರದೊಂದಿಗೆ ನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಇಸುಬು ಅಂಟುರೋಗವಲ್ಲ. ಮದ್ರಸದ ಬೆಂಚಿನಲ್ಲಿ ಆ ಮಗುವಿನ ಪಕ್ಕ ಕೂರಲು, ಒಂದೇ ತಟ್ಟೆಯಲ್ಲಿ ಉಣ್ಣಲು, ಸಲಾಮ್ ಹೇಳಿ ಕೈ ಕುಲುಕಲು ಯಾರೂ ಹಿಂಜರಿಯಬೇಕಿಲ್ಲ. ತುರಿಕೆಗಿಂತ ಜನರ ದೂರ ಸರಿಯುವಿಕೆಯೇ ಮಗುವನ್ನು ಹೆಚ್ಚು ನೋಯಿಸುತ್ತದೆ. ಇಂದು ರಾತ್ರಿ ಆ ಸದ್ದು ಕೇಳಿದಾಗ ಗದರಬೇಡಿ. ಎದ್ದು ಒಂದು ಬಟ್ಟೆ ಒದ್ದೆ ಮಾಡಿ, ಒತ್ತಿ ಹಿಡಿದು, ಮುಲಾಮು ಹಚ್ಚಿ, ಶಿಫಾಕ್ಕಾಗಿ ಅಲ್ಲಾಹನಲ್ಲಿ ದುಆ ಮಾಡಿ. ಮಗುವಿಗೂ ನಿಮಗೂ ಸುಬ್ಹ್‌ನವರೆಗೆ ನಿದ್ದೆ ಸಿಕ್ಕೀತು, ಇನ್‌ಶಾ ಅಲ್ಲಾಹ್.